ಕೋಳಿ ಪಂಚಾಂಗ ನೋಡಿ ಕಳಕೊಂಡ ಕಾಲು

ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ಕಡಿದು ತೆಗೆದ ಮೂರನೇ ದಿನ, ನೋಡಲಿಕ್ಕೆಂದು ಬಂದ ಅಬ್ಬಾಸಿಚ್ಚನ ಎದೆಗೆ ನಾನು ಮೂತ್ರದ ಪಾತ್ರೆ ಎಸೆದೆ. ಖಾಲಿ ಪಾತ್ರೆ ಅಲ್ಲ. ಶುಕ್ರವಾರದ ನಮಾಜು ಮುಗಿಸಿ ನೇರ ಬಂದಿದ್ದರು. ಮೈಮೇಲೆ ನಾನೇ ಹೊಲಿದುಕೊಟ್ಟ ಬಿಳಿ ಶರ್ಟು. ಅವರು ಮಾಡಿದ ತಪ್ಪು ಎಂತ ಕೇಳಿದರೆ, ಮಂಚದ ಪಕ್ಕ ಸ್ಟೂಲಿನಲ್ಲಿ ಕುಳಿತು ನನ್ನ ಕೈ ಹಿಡಿದು, "ಸಂಜೀವ, ಹೋದದ್ದು ಹೋಯ್ತು. ಇನ್ನು ನೀನು ಪಾಸಿಟಿವ್ ಆಗಿ ಯೋಚ್ನೆ ಮಾಡ್ಬೇಕು ಮಾರಾಯ. ಮನಸ್ಸು ಗಟ್ಟಿ ಇದ್ರೆ ಶರೀರ ತನ್ನಷ್ಟಕ್ಕೇ ಸರಿಯಾಗ್ತದೆ" ಅಂತ ಹೇಳಿದ್ದು.

ವಾರ್ಡಿನವರೆಲ್ಲ ಎದ್ದು ಕುಳಿತರು. ನರ್ಸು ಮಲಯಾಳದಲ್ಲಿ ಬಾಯಿಗೆ ಬಂದ ಹಾಗೆ ಬೈದಳು. ಅಬ್ಬಾಸಿಚ್ಚ ನಳ್ಳಿಯ ಹತ್ತಿರ ಹೋಗಿ ಶರ್ಟು ಬಿಚ್ಚಿ, ಹಿಂಡಿ, ಒದ್ದೆಯದನ್ನೇ ಹಾಕಿಕೊಂಡು ಬಂದು ಮತ್ತೆ ಅದೇ ಸ್ಟೂಲಿನಲ್ಲಿ ಕುಳಿತರು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ನೆತ್ತಿಗೇರಿತು. ಎಸೆಯಲಿಕ್ಕೆ ಬೇರೆ ಏನೂ ಕೈಗೆ ಸಿಗಲಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಎಲ್ಲೋ ಒಬ್ಬ ಹೀಗೇ ಮಂಚದಲ್ಲಿ ಬಿದ್ದುಕೊಂಡು, ನೋಡಲು ಬಂದವರ ಕುತ್ತಿಗೆ ಹಿಸುಕುವಷ್ಟು ಸಿಟ್ಟಿನಲ್ಲಿ ಇರಬಹುದು. ಅವನಿಗೆ ತನಗೆ ಹುಚ್ಚು ಹಿಡಿಯಿತೋ ಅಂತ ಹೆದರಿಕೆಯೂ ಇರಬಹುದು. ಹುಚ್ಚಲ್ಲ ಮಾರಾಯ. ನನಗೂ ಹಾಗೇ ಆಗಿತ್ತು.

ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಲ್ಲಿ ಗಂಡಸರ ಬಟ್ಟೆ ಹೊಲಿಯುವ ಟೈಲರ್. ಕೆಳಗೆ ಅಬ್ಬಾಸಿಚ್ಚನ ಬಟ್ಟೆ ಅಂಗಡಿ, ಮೇಲೆ ನನ್ನ ಎರಡು ಮೆಷಿನು. ಅವರಲ್ಲಿ ಪ್ಯಾಂಟಿನ ಬಟ್ಟೆ ತೆಗೆದವರು ಮೆಟ್ಟಿಲು ಹತ್ತಿ ನನ್ನಲ್ಲಿಗೆ ಬರುತ್ತಿದ್ದರು. ಹೆಂಡತಿ ಸುಮತಿ ಅಂಗನವಾಡಿ ಟೀಚರ್. ಒಬ್ಬಳೇ ಮಗಳು, ಮದುವೆಯಾಗಿ ಉಪ್ಪಿನಂಗಡಿಯಲ್ಲಿ ಇದ್ದಾಳೆ. ನಮ್ಮ ಮನೆಮಾತು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ.

ಟೈಲರ್ ಅಂತ ಊರಿಗೆ ಗೊತ್ತು. ಆದರೆ ನನಗೆ ಮರ್ಯಾದೆ ಇದ್ದದ್ದು ಬೇರೆ ಕೆಲಸದಲ್ಲಿ. ಕೋಳಿ ಅಂಕದಲ್ಲಿ ನಾನು ಬಾಳು ಕಟ್ಟುವವನು. ಬಾಳು ಅಂದರೆ ಬೆರಳುದ್ದದ ಕತ್ತಿ. ಕಾದಾಟಕ್ಕೆ ಇಳಿಯುವ ಹುಂಜದ ಕಾಲಿಗೆ ಅದನ್ನು ನೂಲು ಸುತ್ತಿ ಕಟ್ಟಬೇಕು. ಸಡಿಲವಾದರೆ ಕಳಚುತ್ತದೆ, ಬಿಗಿಯಾದರೆ ಹುಂಜ ಕುಂಟುತ್ತದೆ. ಟೈಲರನ ಬೆರಳಿಗೆ ಆ ಅಳತೆ ಸಿಕ್ಕಿದಷ್ಟು ಬೇರೆಯವರಿಗೆ ಸಿಗುವುದಿಲ್ಲ. ಹೊಟ್ಟೆ ಸೀಳಿದ ಹುಂಜದ ಕರುಳನ್ನು ಒಳಗೆ ತುರುಕಿ, ನನ್ನ ಸೂಜಿಯಿಂದಲೇ ಹೊಲಿದು, ಎರಡನೇ ಸುತ್ತಿಗೆ ಬಿಟ್ಟದ್ದು ಉಂಟು. ಅದು ಎದುರಾಳಿಯ ಕುತ್ತಿಗೆ ಕೊಯ್ದು ಗೆದ್ದದ್ದೂ ಉಂಟು. ಪೊಲೀಸರು ಬಂದರೆ ಓಡುವ ದಾರಿ ನೋಡಿಟ್ಟುಕೊಂಡೇ ಕೂರುತ್ತಿದ್ದೆವು. ರಕ್ತ ನೋಡಿ ನನಗೆ ಕಣ್ಣು ಮುಚ್ಚಿ ಅಭ್ಯಾಸವೇ ಇರಲಿಲ್ಲ.

ಹನ್ನೊಂದನೇ ಇಸವಿಯ ಬೇಸಿಗೆಯಲ್ಲಿ ಒಂದು ಅಂಕದಲ್ಲಿ, ಬಾಳು ಕಟ್ಟಿ ನೆಲಕ್ಕೆ ಬಿಡುವಾಗ ಹುಂಜ ಒದೆಯಿತು. ಬಾಳಿನ ತುದಿ ನನ್ನ ಎಡಗಾಲಿನ ಹೆಬ್ಬೆರಳಿಗೆ ಹೊಕ್ಕು ಹೊರಗೆ ಬಂತು. ನೆಲದ ಮೇಲೆ ರಕ್ತ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ನೋವೇ ಇಲ್ಲ! ಸುತ್ತ ನಿಂತವರು, "ಅಬ್ಬ! ಸಂಜೀವಣ್ಣನ ಧೈರ್ಯವೇ! ಮುಖ ಕೂಡ ಹುಳ್ಳಗೆ ಮಾಡಲಿಲ್ಲ" ಅಂದರು. ನಾನೂ ಅದನ್ನು ಧೈರ್ಯ ಅಂತಲೇ ನಂಬಿದೆ. ಅರಸಿನ ಮೆತ್ತಿ, ಬಾಳು ಕಟ್ಟುವ ನೂಲಿನಿಂದಲೇ ಸುತ್ತಿ, ಆ ದಿನ ಇನ್ನೂ ಆರು ಹುಂಜಕ್ಕೆ ಕಟ್ಟಿದೆ. ಸಕ್ಕರೆ ಕಾಯಿಲೆ ನನ್ನ ಕಾಲುಗಳ ಸ್ಪರ್ಶಜ್ಞಾನವನ್ನು ಯಾವಾಗಲೋ ತಿಂದು ಹಾಕಿತ್ತು ಅಂತ ಯಾರಿಗೆ ಗೊತ್ತು?

ಎರಡು ವಾರ ಕಳೆಯುವಾಗ ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಕಪ್ಪಾದವು. ವಾಸನೆ ಮೊದಲು ಹಿಡಿದದ್ದು ಸುಮತಿ. "ಮನೆಯೊಳಗೆ ಇಲಿ ಸತ್ತಿದೆ" ಅಂತ ಕಪಾಟು ಎಲ್ಲ ಎಳೆದು ಹುಡುಕಿದಳು. ಕೊನೆಗೆ ನನ್ನ ಕಾಲಿನ ಹತ್ತಿರ ಬಂದು ಮೂಗು ಮುಚ್ಚಿಕೊಂಡಳು. ಆಗ ಅವಳ ಮುಖ ನಾನು ನೋಡಿದ್ದೇನೆ.

ಕಾಸರಗೋಡಿನ ಆಸ್ಪತ್ರೆಗೆ ನಾನೊಬ್ಬನೇ ಹೋದೆ. ಅವಳಿಗೆ ಅಂಗನವಾಡಿಯಲ್ಲಿ ಇನ್ಸ್‌ಪೆಕ್ಷನ್ ಇತ್ತು. ನೋಡಿದ್ದು ಒಬ್ಬರು ಡಾಕ್ಟರಮ್ಮ, ಕಣ್ಣೂರು ಕಡೆಯವರು, ಮಲಯಾಳ ಬೆರೆಸಿ ಕನ್ನಡ ಮಾತಾಡುವವರು. ರಕ್ತ ಪರೀಕ್ಷೆಯ ಚೀಟಿ ನೋಡಿ, "ಸಂಜೀವ, ನಿಮಗೆ ಶುಗರ್ ಇಷ್ಟು ಉಂಟು ಅಂತ ಗೊತ್ತೇ ಇರ್ಲಿಲ್ವಾ?" ಅಂದರು. ಇವತ್ತೇ ಅಡ್ಮಿಟ್ ಆಗಿ ಅಂದರು. ನಾನು ಮನೆಗೆ ಹೋಗಿ ಹೇಳಿ ಬರಬೇಕು ಅಂದೆ. "ಹಾಗಾದ್ರೆ ಸೋಮವಾರ ಬೆಳಿಗ್ಗೆ. ಎರಡು ಬೆರಳು ತೆಗೀಬೇಕು. ತಪ್ಪಿಸಿದ್ರೆ ಬೆರಳಿನಲ್ಲಿ ನಿಲ್ಲುದಿಲ್ಲ" ಅಂತ ಬರೆದುಕೊಟ್ಟರು.

ಇನ್ನು ನಾನು ಮಾಡಿದ್ದನ್ನು ಕೇಳಿ. ನಗುವುದಾದರೆ ನಗಿ.

ಅಂಕದವರ ಹತ್ತಿರ ಒಂದು ಚಿಕ್ಕ ಪುಸ್ತಕ ಇರುತ್ತದೆ, ಕೋಳಿ ಪಂಚಾಂಗ. ಯಾವ ವಾರ, ಯಾವ ನಕ್ಷತ್ರ, ಯಾವ ಹೊತ್ತಿನಲ್ಲಿ ಯಾವ ಬಣ್ಣದ ಹುಂಜ ಗೆಲ್ಲುತ್ತದೆ, ಯಾವುದು ಸಾಯುತ್ತದೆ ಅಂತ ಅದರಲ್ಲಿ ಉಂಟು. ಅದನ್ನು ನೋಡದೆ ನಾವು ಹುಂಜ ಇಳಿಸುವವರಲ್ಲ. ನಾನು ಅಂಗಡಿಗೆ ಬಂದು ಕತ್ತರಿಯ ಪಕ್ಕದಲ್ಲಿದ್ದ ಆ ಪುಸ್ತಕ ತೆಗೆದೆ. ಹುಟ್ಟಿದ ನಕ್ಷತ್ರದ ಲೆಕ್ಕದಲ್ಲಿ ನನ್ನದು ಕೆಮ್ಮೈರೆ, ಅಂದರೆ ಕೆಂಪು ಹುಂಜ. ಡಾಕ್ಟರಮ್ಮ ಬಿಳಿ ಕೋಟಿನವರು. ಹೆಂಗಸಾದರೆ ಎಂತ, ಬಿಳಿಯೆಂದರೆ ಬೊಳ್ಳೆಯೇ, ಬಿಳಿ ಹುಂಜ. ಸೋಮವಾರ ಬೆಳಗ್ಗಿನ ಹೊತ್ತು ಬೊಳ್ಳೆಗೆ ರಾಜ್ಯ, ಕೆಮ್ಮೈರೆಗೆ ಮರಣ. ಮೈ ಜುಂ ಅಂದಿತು. ಮುಂದಕ್ಕೆ ಎಣಿಸಿಕೊಂಡು ಹೋದೆ. ಆ ಸೋಮವಾರದಿಂದ ಒಂಬತ್ತು ದಿನ ಬಿಟ್ಟು ಒಂದು ಬುಧವಾರ ಕೆಂಪು ಬಿಳಿಯನ್ನು ಕಡಿದು ಹಾಕುವ ದಿನ. ಅಂಕದ ಗೆಳೆಯರಿಗೆ ತೋರಿಸಿದೆ. ಅವರೂ ತಲೆಯಾಡಿಸಿ, ಬುಧವಾರವೇ ಸರಿ, ಸೋಮವಾರ ಹೋದರೆ ಬದುಕಿ ಬರುವುದು ಸಂಶಯ ಅಂದರು. ಸುಮತಿಗೆ ನಾನು ಹೇಳಿದ್ದು, ಡಾಕ್ಟರಮ್ಮ ಬುಧವಾರ ಬರಲಿಕ್ಕೆ ಹೇಳಿದ್ದಾರೆ ಅಂತ.

ಆ ಒಂಬತ್ತು ದಿನ ನನ್ನಷ್ಟು ಪಾಸಿಟಿವ್ ಮನುಷ್ಯ ಇಡೀ ಕಾಸರಗೋಡು ಜಿಲ್ಲೆಯಲ್ಲಿ ಇರಲಿಲ್ಲ. ಜ್ವರ ಬಂತು, ಪಾದ ಬಾತು ಚಪ್ಪಲಿ ಹೊಗಲಿಲ್ಲ, ಕೆಂಪು ಗೀರು ಮೊಣಕಾಲಿಗೆ ಹತ್ತಿತು. ನಾನು ಶಿಳ್ಳೆ ಹೊಡೆಯುತ್ತಾ ಪ್ಯಾಂಟು ಹೊಲಿದೆ. ಗೆಲ್ಲುವ ದಿನ ಕೈಯಲ್ಲಿ ಇರುವಾಗ ಎಂತದಕ್ಕೆ ಹೆದರುವುದು? ಸುಮತಿ ಹಣೆ ಮುಟ್ಟಿ ನೋಡಿ, "ಬುಧವಾರದವರೆಗೆ ಕಾಯ್ಲಿಕ್ಕೆ ಹೇಳಿದ್ದು ಹೌದಾ? ಒಂದ್ಸಲ ಫೋನ್ ಮಾಡಿ ಕೇಳುವನಾ?" ಅಂದಳು. "ಡಾಕ್ಟ್ರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?" ಅಂತ ಗದರಿಸಿದೆ. ಅವಳು ಫೋನ್ ಕೆಳಗಿಟ್ಟಳು.

ಬುಧವಾರ ಡಾಕ್ಟರಮ್ಮ ನನ್ನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಮತ್ತೆ ನನ್ನನ್ನಲ್ಲ, ಸುಮತಿಯನ್ನು ನೋಡಿ ಕೇಳಿದರು, "ಸೋಮವಾರ ಅಲ್ವಾ ನಾನು ಬರೆದುಕೊಟ್ಟದ್ದು? ಒಂಬತ್ತು ದಿನ ಎಲ್ಲಿದ್ದಿರಿ?"

ಸುಮತಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಷ್ಟರಲ್ಲೇ ಅವಳಿಗೆ ಎಲ್ಲ ಗೊತ್ತಾಯಿತು. ಎರಡು ಬೆರಳಿನಲ್ಲಿ ಮುಗಿಯುವುದು ಮೊಣಕಾಲಿನ ವರೆಗೆ ಬಂದಿತ್ತು. ಸಹಿ ಹಾಕುವ ಕಾಗದ ಅವಳ ಕೈಗೆ ಕೊಟ್ಟರು. ಕಾಗದ ಹರಿಯುವಷ್ಟು ಪೆನ್ನು ಒತ್ತಿ ಸಹಿ ಹಾಕಿದಳು. ಹೆದರಿಕೆಯಿಂದ ಅಲ್ಲ, ನನ್ನನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟಿನಿಂದ.

ಕಾಲು ಹೋದ ಮೇಲಿನ ನೋವು ಹೇಗೆ ಅಂತ ಹೇಳುತ್ತೇನೆ. ಇಲ್ಲದ ಹೆಬ್ಬೆರಳಿಗೆ ಯಾರೋ ಬಾಳು ಹೊಗಿಸಿ ತಿರುವುತ್ತಿದ್ದರು. ಕಾಲು ಇದ್ದಾಗ ಒಂದು ಚೂರೂ ನೋಯದ ಬೆರಳು, ಹೋದ ಮೇಲೆ ದಿನಕ್ಕೆ ಹತ್ತು ಸಲ ನೋಯುತ್ತಿತ್ತು. ಹೊದಿಕೆ ಎಳೆದು ನೋಡಿದರೆ ಅಲ್ಲಿ ಹಾಸಿಗೆ ಮಾತ್ರ. ನಾನು ಮಂಚದ ಕಬ್ಬಿಣಕ್ಕೆ ತಲೆ ಜಪ್ಪಿಕೊಂಡೆ, ಡ್ರಿಪ್ಪಿನ ಸೂಜಿ ಕಿತ್ತೆಸೆದೆ, ಹಿಡಿಯಲು ಬಂದ ಅಟೆಂಡರನ ಕೈ ಕಚ್ಚಿದೆ. ಅದರ ನಡುವೆ ನೋಡಲು ಬಂದವರು ಮುಸುಂಬಿ, ಬ್ರೆಡ್ಡು ಇಟ್ಟು, "ಒಳ್ಳೆದನ್ನೇ ಯೋಚ್ನೆ ಮಾಡಿ" ಅಂತ ಹೇಳಿ ಹೋಗುತ್ತಿದ್ದರು. ನಾನು ಒಳ್ಳೆಯದನ್ನೇ ಯೋಚನೆ ಮಾಡಿದ್ದಲ್ಲವಾ? ಅದರಿಂದಲೇ ಅಲ್ಲವಾ ಕಾಲು ಹೋದದ್ದು? ಅಬ್ಬಾಸಿಚ್ಚನ ಮೇಲೆ ಪಾತ್ರೆ ಬಿದ್ದದ್ದು ಆಗಲೇ.

ಡಿಸ್ಚಾರ್ಜ್ ಆಗುವಾಗ ಡಾಕ್ಟರಮ್ಮ ಬಲಗಾಲನ್ನು ಮುಟ್ಟಿ ಮುಟ್ಟಿ ನೋಡಿದರು. ಪೆನ್ನಿನ ತುದಿಯಿಂದ ಅಂಗಾಲು ಚುಚ್ಚಿದರು. ನನಗೆ ಏನೂ ಗೊತ್ತಾಗಲಿಲ್ಲ. "ಇದೂ ಅದೇ ದಾರಿಯಲ್ಲಿ ಉಂಟು" ಅಂದರು. "ದಿನಾ ಬೆಳಿಗ್ಗೆ ಅಂಗಾಲು ನೋಡ್ಬೇಕು. ಒಂದು ಗೀರು, ಒಂದು ಗುಳ್ಳೆ ಕಂಡ್ರೆ ಅವತ್ತೇ ಬರ್ಬೇಕು. ಇದು ಹೋದ್ರೆ ನೀವು ನಿಲ್ಲುವವರಲ್ಲ." ಬಲಗಾಲು ನನ್ನ ಮೆಷಿನಿನ ಕಾಲು. ಮೋಟಾರು ಹಾಕಿಸು ಅಂತ ಹೇಳುವ ಬುದ್ಧಿವಂತರಿಗೆ ಹೇಳುತ್ತೇನೆ, ಮೋಟಾರಿನ ಪೆಡಲು ಒತ್ತಲಿಕ್ಕೂ ಒಂದು ಪಾದ ಬೇಕು. ಆ ಪಾದ ಉಳಿಯುತ್ತದೋ ಇಲ್ಲವೋ ಎನ್ನುವುದೇ ಆಮೇಲೆ ನನ್ನ ಬದುಕಿನ ಒಂದೇ ಪ್ರಶ್ನೆಯಾಯಿತು.

ಸುಮತಿ ದಿನಾ ಬೆಳಿಗ್ಗೆ ನೆಲದಲ್ಲಿ ಕುಳಿತು, ನನ್ನ ಪಾದ ಮಡಿಲಿಗೆ ತೆಗೆದುಕೊಂಡು, ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ, ಬುಧವಾರದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನಾನು ದಿನವಿಡೀ ಸಿಡುಕುತ್ತಿದ್ದೆ. ಅನ್ನ ಕಡಿಮೆ ಮಾಡಿ ಚಪಾತಿ ಕೊಟ್ಟರೆ ಬಟ್ಟಲು ಅಂಗಳಕ್ಕೆ ಹಾರುತ್ತಿತ್ತು. ಇನ್ಸುಲಿನ್ ಚುಚ್ಚಲು ಬಂದರೆ ಕೈ ತಿರುಚುತ್ತಿದ್ದೆ. ಸಾಯುತ್ತೇನೆ, ಬಿಡು ನನ್ನನ್ನು ಅಂತ ಬೊಬ್ಬೆ ಹಾಕುತ್ತಿದ್ದೆ.

ಒಂದು ದಿನ ಅವಳು ಪಾದ ಎತ್ತಿ ಬೆಳಕಿಗೆ ತಿರುಗಿಸಿ, "ಹಿಮ್ಮಡಿ ಬಿರಿದಿದೆ. ನೀವು ಪುನಃ ಬರಿಗಾಲಲ್ಲಿ ಅಂಗಳಕ್ಕೆ ಇಳಿದದ್ದು" ಅಂದಳು. ಅಷ್ಟೇ. ಅಂಕಕ್ಕೆ ಮೊದಲು ನಾವು ಹುಂಜವನ್ನು ಹೀಗೆಯೇ ಕಾಲು ಬಿಡಿಸಿ, ಬೆಳಕಿಗೆ ತಿರುಗಿಸಿ, ಪ್ರಯೋಜನ ಉಂಟಾ ಇಲ್ಲವಾ ಅಂತ ನೋಡುವುದು. ನನ್ನನ್ನು ಸೋತ ಹುಂಜದ ಹಾಗೆ ನೋಡುತ್ತಾಳೆ ಅಂತ ತಲೆಯೊಳಗೆ ಏನೋ ಸಿಡಿಯಿತು. ಪಕ್ಕದಲ್ಲಿದ್ದ ಊರುಗೋಲು ಎತ್ತಿ ಬೀಸಿದೆ. ಅದು ಅವಳ ಹುಬ್ಬಿಗೆ ಬಿತ್ತು. ಹುಬ್ಬು ಬಾಯಿ ಬಿಟ್ಟಿತು. ರಕ್ತ ಕಣ್ಣಿಗೆ ಇಳಿದು, ಅಲ್ಲಿಂದ ನನ್ನ ಪಾದದ ಮೇಲೆ ಬಿತ್ತು. ರಕ್ತ ನೋಡಿ ನಾನು ಮೊದಲ ಸಲ ಕಣ್ಣು ಮುಚ್ಚಿಕೊಂಡೆ.

ಅವಳು ಸೆರಗು ಒತ್ತಿಕೊಂಡು ಎದ್ದು, ಚಪ್ಪಲಿ ಮೆಟ್ಟಿ, ಒಬ್ಬಳೇ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದಳು. ಮೂರು ಹೊಲಿಗೆ ಬಿದ್ದವು. ಅಲ್ಲಿ ನರ್ಸು ಹೇಗಾಯಿತು ಕೇಳಿದಾಗ, ಜಾರಿ ಬಿದ್ದದ್ದು ಅಂತ ಹೇಳಲಿಲ್ಲ. "ಗಂಡ ಹೊಡೆದದ್ದು" ಅಂತ ನಾಲ್ಕು ಜನ ಕೇಳುವ ಹಾಗೆ ಹೇಳಿದಳಂತೆ. ಮನೆಗೆ ಬಂದು ನನ್ನ ಎದುರು ನಿಂತು ಹೇಳಿದ್ದು ಇಷ್ಟು: "ನಿಮ್ಮ ಕಾಲು ಇನ್ನು ನಾನು ಮುಟ್ಟುದಿಲ್ಲ. ನೋಡುದೂ ಇಲ್ಲ. ಉಳಿದ್ರೆ ನಿಮಗೆ, ಹೋದ್ರೆ ನಿಮಗೆ. ಮೊದ್ಲು ಸುಳ್ಳು ಹೇಳಿ ಒಂದು ಕಾಲು ಕೊಂದ್ರಿ. ಇದನ್ನು ಹೊಡೆದು ಕೊಲ್ಲಿ."

ಸುದ್ದಿ ಅಬ್ಬಾಸಿಚ್ಚನ ಕಿವಿಗೂ ಬಿತ್ತು. ಮರುದಿನ ಬಂದವರು ಒಳಗೆ ಬರಲಿಲ್ಲ. ಜಗಲಿಯ ಕೆಳಗೆ ನಿಂತೇ, "ನನ್ನ ಮೇಲೆ ಎಂತ ಎಸೆದ್ರೂ ನಾನು ಬರ್ತಿದ್ದೆ. ಹೆಂಗಸಿನ ಮೇಲೆ ಕೈ ಮಾಡಿದವನ ಮನೆಗೆ ಬರ್ಲಿಕ್ಕೆ ನನಗೆ ಮನಸ್ಸಿಲ್ಲ" ಅಂತ ಹೇಳಿ ತಿರುಗಿ ಹೋದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೂ ತಪ್ಪಾಯಿತು ಅಂತ ಒಂದು ಮಾತು ಬಾಯಿಗೆ ಬರಲಿಲ್ಲ. ಅಂಥ ಹಾಳು ಬಾಯಿ ನನ್ನದು.

ಆ ವಾರ ಡಾಕ್ಟರಮ್ಮನಿಗೆ ತೋರಿಸಲು ಹೋಗುವುದಿತ್ತು. ಒಬ್ಬನೇ ಹೋದೆ. ಶುಗರ್ ಪುನಃ ಏರಿತ್ತು, ಕಡಿದ ಜಾಗದ ಹೊಲಿಗೆ ಕೂಡಿರಲಿಲ್ಲ. ಅವರು ಚೀಟಿ ಪಕ್ಕಕ್ಕಿಟ್ಟು, "ಮನಸ್ಸಿನಲ್ಲಿ ಇಷ್ಟು ಸಿಟ್ಟು ಇಟ್ಕೊಂಡ್ರೆ ಗಾಯ ಒಣಗುದಿಲ್ಲ ಸಂಜೀವ. ಸ್ವಲ್ಪ ಪಾಸಿಟಿವ್ ಆಗಿ ಯೋಚ್ನೆ ಮಾಡಿ" ಅಂದರು. ನಾನು ಮೇಜಿಗೆ ಗುದ್ದಿದೆ. ಸ್ಟೆತೊಸ್ಕೋಪು ಕೆಳಗೆ ಬಿತ್ತು. "ಮಾಡಿದ್ದೇನೆ! ಒಂಬತ್ತು ದಿನ ಅದನ್ನೇ ಮಾಡಿದ್ದು! ಗೆಲ್ತೇನೆ ಅಂತಲೇ ಯೋಚ್ನೆ ಮಾಡಿದ್ದು!" ಅಂತ ಬೊಬ್ಬೆ ಹೊಡೆದು, ಕೋಳಿ ಪಂಚಾಂಗ, ಬೊಳ್ಳೆ, ಕೆಮ್ಮೈರೆ, ಸುಳ್ಳು ಹೇಳಿದ್ದು, ಹುಬ್ಬು ಒಡೆದದ್ದು, ಎಲ್ಲವನ್ನೂ ಅವರ ಮುಂದೆ ಕಾರಿಬಿಟ್ಟೆ. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕಿದರು.

ಡಾಕ್ಟರಮ್ಮ ಬಿಳಿ ಕೋಟನ್ನು ಒಮ್ಮೆ ನೋಡಿಕೊಂಡರು. ನಗಲಿಲ್ಲ. "ಗೆಲ್ತೇನೆ ಅಂತ ಕೂತದ್ದು ನೀವು" ಅಂದರು. "ನಾನು ಹೇಳುದು ಅದಲ್ಲ. ನಾಳೆ ಬೆಳಿಗ್ಗೆ ಎದ್ದು ಈ ಕಾಲನ್ನು ತೊಳೀಬೇಕು ಅಂತ ನಿಮಗೆ ಕಾಣ್ಬೇಕು. ಅಷ್ಟು ಸಾಕು. ನಾಡಿದ್ದಿನದ್ದು ಯೋಚ್ನೆ ಮಾಡ್ಬೇಡಿ."

"ನೋಡುವವರು ಯಾರೂ ಇಲ್ಲ" ಅಂದೆ.

"ನಿಮ್ಮ ಅಂಗಡಿಯಲ್ಲಿ ಕನ್ನಡಿ ಇಲ್ವಾ?" ಅಂತ ಕೇಳಿದರು.

ಶರ್ಟು ಹಾಕಿ ನೋಡುವವರಿಗೆ ಅಂತ ಇಟ್ಟಿದ್ದ ಚಿಕ್ಕ ಕನ್ನಡಿಯೊಂದು ಅಂಗಡಿಯಲ್ಲಿ ಇತ್ತು. ಅದನ್ನು ತರಿಸಿ, ನೆಲದಲ್ಲಿ ಗೋಡೆಗೆ ಒರಗಿಸಿ, ಮರುದಿನ ಬೆಳಿಗ್ಗೆ ಎದುರು ಕುಳಿತೆ. ಐವತ್ತೆರಡು ವರ್ಷ ನನ್ನನ್ನು ಹೊತ್ತ ಅಂಗಾಲನ್ನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು. ಒಡೆದು, ಮಣ್ಣು ಕಚ್ಚಿ, ಬೂದು ಬಣ್ಣಕ್ಕೆ ಬಂದಿತ್ತು. ಬಗ್ಗಲು ಹೋಗಿ ಮಗುಚಿ ಬಿದ್ದೆ. ಕನ್ನಡಿಯನ್ನು ಒಡೆದು ಹಾಕುವ ಅಂತ ಕೈ ಎತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ ಸುಮತಿ ನಿಂತಿದ್ದಳು. ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಎಬ್ಬಿಸಲು ಬರಲಿಲ್ಲ, ಒಳಗೆ ಹೋಗಲೂ ಇಲ್ಲ. ನಾನು ಕೈ ಇಳಿಸಿ, ಎದ್ದು ಕುಳಿತು, ಪಾದ ತೊಳೆದು, ಬೆರಳ ಸಂದು ಒರಸಿ, ಎಣ್ಣೆ ಹಚ್ಚಿದೆ. ಅರ್ಧ ಗಂಟೆ ಹಿಡಿಯಿತು.

ಅವತ್ತು ನನಗೆ ಜ್ಞಾನೋದಯ ಆಯಿತು ಅಂತ ಯಾರೂ ತಿಳಿಯಬೇಡಿ. ಸಿಟ್ಟು ಇತ್ತು. ಆದರೆ ಅದಕ್ಕೆ ದಿನಕ್ಕೆ ಅರ್ಧ ಗಂಟೆಯ ಕೆಲಸ ಸಿಕ್ಕಿತು. ಚಪಾತಿಯನ್ನು ಹಲ್ಲು ಕಚ್ಚಿ ತಿಂದೆ. ಇನ್ಸುಲಿನನ್ನು ನಾನೇ ಹೊಟ್ಟೆಗೆ ಚುಚ್ಚಿಕೊಳ್ಳಲು ಕಲಿತೆ. ಹೊಲಿಗೆ ಕೂಡಿತು. ಕಾಸರಗೋಡಿನ ವಿದ್ಯಾನಗರದ ಸರಕಾರಿ ಆಫೀಸುಗಳಿಗೆ ಕಾಗದ ಹಿಡಿದು ನಾಲ್ಕು ಸಲ ಅಲೆದು, ಅರ್ಜಿಯ ಮಲಯಾಳ ಓದಲಾಗದೆ ಗುಮಾಸ್ತನೊಟ್ಟಿಗೆ ಜಗಳ ಮಾಡಿ, ಕೊನೆಗೆ ಅವನಿಂದಲೇ ಓದಿಸಿ ಬರೆಸಿ, ಕೃತಕ ಕಾಲು ಹಾಕಿಸಿಕೊಂಡೆ. ಮೊದಲ ತಿಂಗಳು ಅದು ಮಾಂಸ ತಿಂದ ಹಾಗೆ ನೋವು ಕೊಟ್ಟಿತು. ಬಿದ್ದೆ, ಬೈದೆ, ಎದ್ದೆ. ಒಂದು ದಿನ ಕೋಲು ಹಿಡಿದು ಅಂಗಡಿಯ ಮೆಟ್ಟಿಲು ಹತ್ತುವಾಗ ಅಬ್ಬಾಸಿಚ್ಚ ಕೆಳಗಿನಿಂದ ನೋಡಿದರು. ಅವರ ಹತ್ತಿರ ಹೋಗಿ, "ಪಾತ್ರೆ ಎಸೆದದ್ದು ತಪ್ಪು. ಅವಳಿಗೆ ಹೊಡೆದದ್ದು ಅದಕ್ಕಿಂತ ದೊಡ್ಡ ತಪ್ಪು" ಅಂದೆ. "ಎರಡನೇದ್ದನ್ನು ನನ್ನ ಹತ್ರ ಹೇಳುದಲ್ಲ" ಅಂದರು. ಆದರೂ ಮಧ್ಯಾಹ್ನದೊಳಗೆ ಹೊಲಿಯಲಿಕ್ಕೆ ಎರಡು ಪ್ಯಾಂಟಿನ ಬಟ್ಟೆ ಮೇಲೆ ಕಳಿಸಿದರು.

ಸಿಟ್ಟು ಇಳಿದ ಮೇಲೆ ಶುಗರ್ ಇಳಿಯಿತೋ, ಶುಗರ್ ಇಳಿದ ಮೇಲೆ ಸಿಟ್ಟು ಇಳಿಯಿತೋ ನನಗೆ ಗೊತ್ತಿಲ್ಲ. ಎರಡೂ ಒಟ್ಟೊಟ್ಟಿಗೆ ಇಳಿದವು. ನಿದ್ದೆ ಬಂತು. ಇಲ್ಲದ ಹೆಬ್ಬೆರಳು ವಾರಕ್ಕೊಮ್ಮೆ ಮಾತ್ರ ನೋಯತೊಡಗಿತು. ಕೋಳಿ ಪಂಚಾಂಗವನ್ನು ಒಲೆಗೆ ಹಾಕಿದೆ. ಅಂಕಕ್ಕೆ ಕರೆದವರಿಗೆ ಇನ್ನು ಬರುವುದಿಲ್ಲ ಅಂದೆ. ಸುಮತಿಯದ್ದು ಮಾತ್ರ ಬೇಕಾದಷ್ಟೇ ಮಾತು, ಊಟ ಆಯ್ತಾ, ಮದ್ದು ತಕೊಂಡ್ರಾ, ಅಷ್ಟೇ. ನನ್ನ ಕಾಲಿನ ಕಡೆ ಅವಳು ಕಣ್ಣು ಹಾಕುತ್ತಿರಲಿಲ್ಲ.

ಹೀಗೆ ಏಳೆಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಬಲ ಅಂಗಾಲಿನ ನಡುವೆ ಒಂದು ಚುಕ್ಕೆ ಹೊಳೆಯಿತು. ನೀರಿನ ಹನಿ ಅಂತ ಒರಸಿದೆ. ಹೋಗಲಿಲ್ಲ. ಉಗುರು ತಾಗಿಸಿದೆ, ಟಿಕ್ ಅಂತ ಶಬ್ದ. ಸೂಜಿ. ಹಿಂದಿನ ದಿನ ಮೆಷಿನಿನಲ್ಲಿ ಮುರಿದು ಬಿದ್ದ ಸೂಜಿಯ ತುಂಡು, ತುದಿ ಬಿಟ್ಟು ಪೂರ್ತಿ ಒಳಗೆ. ಅದರ ಮೇಲೆ ನಾನು ದಿನವಿಡೀ ಪೆಡಲು ತುಳಿದಿದ್ದೆ, ಮೆಟ್ಟಿಲು ಇಳಿದಿದ್ದೆ, ಮನೆಗೆ ನಡೆದಿದ್ದೆ. ಸುತ್ತ ಒಂದು ಬಿಲ್ಲೆಯಷ್ಟು ಅಗಲ ಕೆಂಪಾಗಿತ್ತು.

ಕೈಕಾಲು ತಣ್ಣಗಾಯಿತು. ಕೈಕಾಲು ಅಂತ ಹೇಳಿದರೂ ಕಾಲು ಒಂದೇ. ಇಕ್ಕುಳ ಹಾಕಿ ಕಿತ್ತು ಅರಸಿನ ಮೆತ್ತುವ ಅಂತ ಹಳೆಯ ಸಂಜೀವ ಹೇಳಿದ. ಇಕ್ಕುಳ ಕೈಗೂ ತೆಗೆದುಕೊಂಡೆ. ಆದರೆ ಅವತ್ತೇ ಬರಬೇಕು ಅಂತ ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಅದನ್ನು ಕೆಳಗಿಟ್ಟೆ. ಸುಮತಿ ಅಂಗನವಾಡಿಗೆ ಹೋಗಿಯಾಗಿತ್ತು. ಫೋನ್ ಮಾಡಿ, "ಕಾಲಿನಲ್ಲಿ ಸೂಜಿ ಹೊಕ್ಕಿದೆ. ನಿನ್ನೆಯದ್ದು. ಈಗಲೇ ಕಾಸರಗೋಡಿಗೆ ಹೋಗ್ತಿದ್ದೇನೆ" ಅಂದೆ. ಒಂದು ಕ್ಷಣ ಮಕ್ಕಳ ಗಲಾಟೆ ಮಾತ್ರ ಕೇಳಿಸಿತು. ಮತ್ತೆ ಫೋನ್ ಕಟ್ಟಾಯಿತು.

ಹಿಮ್ಮಡಿ ಮಾತ್ರ ಊರಿ, ಕೋಲು ಹಿಡಿದು ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಟೋಕನ್ ಸಿಕ್ಕಿದ್ದು ಕೊನೆಗೆ. ಬೆಂಚಿನಲ್ಲಿ ಕುಳಿತು ಎದುರಿನ ಬಾಗಿಲನ್ನೇ ನೋಡಿದೆ. ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಾಲ್ಕು ಜನ ಹಿಡಿದು ಕಾಲು ಗರಗಸಕ್ಕೆ ಕೊಡುವುದು ಕಣ್ಣ ಮುಂದೆ ಬರುತ್ತಿತ್ತು. ಎದ್ದು ಬಾಗಿಲು ಒದೆಯಬೇಕು, ಟೋಕನ್ ಕೂಗುವವನ ಅಂಗಿ ಹಿಡಿಯಬೇಕು ಅನಿಸಿತು. ಪಕ್ಕದಲ್ಲಿದ್ದ ಒಬ್ಬಳು ಬ್ಯಾರಿ ಮುಸ್ಲಿಂ ಅಜ್ಜಿ ನನ್ನ ಎತ್ತಿ ಹಿಡಿದ ಪಾದ ನಡುಗುವುದನ್ನು ನೋಡಿ, ತನ್ನ ಬಟ್ಟೆಗಂಟನ್ನು ಏನೂ ಕೇಳದೆ ಅದರ ಕೆಳಗೆ ಸರಿಸಿಟ್ಟಳು. ಎರಡು ಗಂಟೆ ನನ್ನ ಕಾಲು ಅವಳ ಗಂಟಿನ ಮೇಲೆ ಇತ್ತು. ಅವಳ ಹೆಸರು ಕೇಳಲು ಮರೆತೆ.

ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. "ಎಲುಬಿಗೆ ತಾಗಿಲ್ಲ" ಅಂದರು. ಅಂಗಾಲು ಕೊಯ್ದರು. ಪಾತ್ರೆಗೆ ಸೂಜಿ ಬಿದ್ದ ಶಬ್ದ ಕೇಳಿಸಿತು. ಕೀವು ಹನಿಯಷ್ಟು, ಹೆಚ್ಚಿಲ್ಲ. "ನೋಡಿದ್ದು ಯಾರು?" ಅಂತ ಕೇಳಿದರು. ನಾನೇ ಅಂದೆ. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ನಾನು ಬೇರೆ ಕಾಗದಕ್ಕೆ ಸಹಿ ಕೇಳ್ಬೇಕಿತ್ತು. ಈಗ ಹತ್ತು ದಿನ ಡ್ರೆಸ್ಸಿಂಗ್. ಮನೆಗೆ ಹೋಗಿ." ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ಬಟ್ಟೆ ಸುತ್ತುತ್ತಾ ಇದ್ದರು, ನಿಲ್ಲಿಸಲಿಕ್ಕೆ ಹೇಳಲಿಲ್ಲ.

ಹೊರಗೆ ಬಂದರೆ ಬಾಗಿಲ ಪಕ್ಕ ಸುಮತಿ ನಿಂತಿದ್ದಳು. ಅಂಗನವಾಡಿಯ ಸೀರೆಯಲ್ಲೇ, ಬೆವತು, ಏದುಸಿರು ಬಿಡುತ್ತಾ. ಅವಳ ಕಣ್ಣು ನೇರ ನನ್ನ ಕಾಲಿಗೆ ಹೋಯಿತು. ಅಷ್ಟು ತಿಂಗಳಲ್ಲಿ ಮೊದಲ ಸಲ.

"ಉಂಟು" ಅಂದೆ. "ಉಳೀತು."

ಅವಳು ಗೋಡೆಗೆ ಒರಗಿ ಒಂದು ಸಲ ಕಣ್ಣು ಮುಚ್ಚಿದಳು. ಬಸ್ ಸ್ಟಾಪಿನವರೆಗೆ ನಡೆದೆವು. ಅಲ್ಲಿ ಕಟ್ಟೆಯಲ್ಲಿ ಕುಳಿತ ಮೇಲೆ ಅವಳ ಹುಬ್ಬು ನನ್ನ ಕಣ್ಣಿಗೆ ಹತ್ತಿರ ಬಂತು. ಹೊಲಿಗೆಯ ಜಾಗದಲ್ಲಿ ಕೂದಲು ಬೆಳೆದಿರಲಿಲ್ಲ. ಎಂಟು ತಿಂಗಳು ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು. "ನಿನ್ನ ಹತ್ರ ಸುಳ್ಳು ಹೇಳಿದೆ. ನಿನಗೆ ಹೊಡೆದೆ. ಸುಮತಿ, ನನ್ನನ್ನು ಕ್ಷಮಿಸ್ತೀಯಾ?"

ಅವಳು ಬಸ್ಸು ಬರುವ ಕಡೆ ನೋಡಿದಳು.

"ಇಲ್ಲ" ಅಂದಳು. "ಆದ್ರೆ ಕಾಲು ಉಳಿದಿದೆಯಲ್ಲ. ಏಳಿ, ಅದರ ಮೇಲೆ ನಿಲ್ಲಿ. ಬಸ್ಸು ಬಂತು."

ನಾನು ನಿಂತೆ.